ವ್ಯಾಟ್ ಕೇಳುವ ಮೊದಲು ಓಮ್ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಗಣೇಶೋತ್ಸವ, ರಾಜ್ಯೋತ್ಸವ ಮತ್ತು ಕಾಲೇಜು ವಾರ್ಷಿಕೋತ್ಸವಗಳ ವೇದಿಕೆಗಳಲ್ಲಿ ನಮ್ಮ ದಾವಣಗೆರೆಯ ಹುಡುಗ ಹುಡುಗಿಯರು ಹಾಡುವುದನ್ನೂ ನುಡಿಸುವುದನ್ನೂ ತಮ್ಮ ಪತ್ರಿಕೆ ಆಗಾಗ್ಗೆ ಚಿತ್ರಸಮೇತ ಪ್ರಕಟಿಸುತ್ತ ಬಂದಿದೆ. ಆ ಚಿತ್ರಗಳಲ್ಲಿ ಗಾಯಕರ ಹಿಂದೆ, ಡ್ರಮ್ಸ್ ಪಕ್ಕದ ಅರೆಗತ್ತಲಿನಲ್ಲಿ ನಿಂತಿರುವ ಬೇಸ್ ಗಿಟಾರ್ ವಾದಕರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ರಸಮಂಜರಿ ತಂಡಗಳಲ್ಲಿ ಬೇಸ್ ನುಡಿಸಿ, ಈಗ ಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಆ ವಾದ್ಯವನ್ನು ಕಲಿಸುತ್ತಿರುವ ನನಗೆ, ಆ ಮಕ್ಕಳು ಆಂಪ್ಲಿಫೈಯರ್ ಕೊಳ್ಳುವಾಗ ಮೋಸಹೋಗುವುದನ್ನು, ಅಥವಾ ಯಾರೂ ಮೋಸ ಮಾಡದೆಯೇ ತಪ್ಪು ಜೋಡಿ ತಂದು ಕಷ್ಟಪಡುವುದನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ.

ನನ್ನ ಬಳಿ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಎರಡು ವರ್ಷ ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಒಂದು ಬೇಸ್ ಹೆಡ್ (ಸ್ಪೀಕರ್ ಇಲ್ಲದ ಬರಿಯ ಆಂಪ್ಲಿಫೈಯರ್) ಮತ್ತು ಎರಡು ಸ್ಪೀಕರ್ ಬಾಕ್ಸ್‌ಗಳನ್ನು ಅಂಗಡಿಯೊಂದರಿಂದ ತಂದ. ಹೆಡ್ 500 ವ್ಯಾಟ್‌ನದು. ಬಾಕ್ಸ್‌ಗಳು ಹತ್ತು ಅಂಗುಲದ ಎರಡೆರಡು ಸ್ಪೀಕರ್ ಇರುವಂಥವು. ಮಾರಿದವರು ವ್ಯಾಟ್ ಹೇಳಿದರು, ತೂಕ ಹೇಳಿದರು, ಗ್ಯಾರಂಟಿ ಎಷ್ಟು ತಿಂಗಳೆಂದೂ ಹೇಳಿದರು. ಎರಡೂ ಬಾಕ್ಸ್‌ಗಳು ತಲಾ 4 ಓಮ್‌ನವು, ಹೆಡ್ಡು 4 ಓಮ್‌ಗಿಂತ ಕೆಳಗೆ ಇಳಿಯಬಾರದಂಥದ್ದು ಎಂಬ ಒಂದೇ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಬಡಾವಣೆಯೊಂದರ ಗಣಪತಿ ಪೆಂಡಾಲಿನಲ್ಲಿ ಮೂರನೆಯ ಹಾಡಿನ ಚರಣಕ್ಕೆ ಬರುವಷ್ಟರಲ್ಲಿ ಹೆಡ್ ಮೌನವಾಯಿತು. ಫ್ಯಾನ್ ತಿರುಗುತ್ತಿತ್ತು, ಕೆಂಪು ದೀಪ ಉರಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಹತ್ತು ನಿಮಿಷದ ನಂತರ ತಾನಾಗಿಯೇ ಬಂತು, ಮತ್ತೆ ಹೋಯಿತು. ಉಳಿದ ಕಾರ್ಯಕ್ರಮವನ್ನು ಕೀಬೋರ್ಡಿನ ಎಡಗೈ ಸ್ವರಗಳಲ್ಲಿಯೇ ಮುಗಿಸಬೇಕಾಯಿತು. ಹೆಡ್ ಕೆಟ್ಟಿದೆಯೆಂದು ಆತ ನಂಬಿದ್ದ. ಹೆಡ್ ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಇದರ ಲೆಕ್ಕ ಬಹಳ ಸರಳವಾದದ್ದು. ಓಮ್ ಎಂಬುದು ವಿದ್ಯುತ್ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಹೆಡ್‌ನ ಹಿಂಬದಿಯಲ್ಲಿರುವ ಎರಡು ಸ್ಪೀಕರ್ ಕಿಂಡಿಗಳು ಒಳಗೆ ಸಮಾಂತರವಾಗಿಯೇ, ಎಂದರೆ ಪ್ರವಾಹಕ್ಕೆ ಎರಡು ಬೇರೆ ಬೇರೆ ದಾರಿಗಳಾಗುವಂತೆ, ಜೋಡಣೆಗೊಂಡಿರುವುದು ಸಾಮಾನ್ಯ. ಹಾಗಾಗಿ ಎರಡು ಬಾಕ್ಸ್ ಹಾಕಿದಾಗ ತಡೆ ಕೂಡುವುದಿಲ್ಲ, ಇಳಿಯುತ್ತದೆ. ಸೂಳೆಕೆರೆಯ ನೀರು ಸಿದ್ದನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ಹರಿಯುವುದನ್ನು ನಮ್ಮ ಜಿಲ್ಲೆಯ ರೈತರು ಬಲ್ಲರು. ಒಂದು ತೂಬಿನ ಜೊತೆಗೆ ಇನ್ನೊಂದನ್ನೂ ಎತ್ತಿದರೆ ಕೆರೆಯಿಂದ ಹೊರಬೀಳುವ ನೀರು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಾಕ್ಸ್‌ಗಳ ವಿಷಯವೂ ಹಾಗೆಯೇ. 8 ಓಮ್‌ನ ಎರಡು ಬಾಕ್ಸ್ ಸೇರಿದರೆ 4 ಓಮ್, 4 ಓಮ್‌ನ ಎರಡು ಸೇರಿದರೆ 2 ಓಮ್, 8 ಮತ್ತು 4 ಸೇರಿದರೆ ಸುಮಾರು 2.7 ಓಮ್. 4 ಓಮ್‌ಗೆ 500 ವ್ಯಾಟ್ ಕೊಡುವ ಹೆಡ್ ಪೂರ್ಣ ಶಕ್ತಿಯಲ್ಲಿ ಸುಮಾರು 45 ವೋಲ್ಟ್ ಹೊಮ್ಮಿಸಿ 11 ಆಂಪಿಯರ್‌ನಷ್ಟು ಪ್ರವಾಹ ಕೊಡುತ್ತದೆ. ಅದೇ 45 ವೋಲ್ಟ್‌ಗೆ 2 ಓಮ್ ಎದುರಾದರೆ 22 ಆಂಪಿಯರ್ ಕೇಳಿದಂತಾಗುತ್ತದೆ. ಒಳ್ಳೆಯ ಹೆಡ್ ಆದರೆ ರಕ್ಷಣಾ ವ್ಯವಸ್ಥೆ ಬಾಗಿಲು ಹಾಕುತ್ತದೆ, ಅಗ್ಗದ್ದಾದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಟ್ಟುಹೋಗುತ್ತವೆ. ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಹೆಡ್‌ಗಳ ನಿಯಮ ಬೇರೆ: ಅವುಗಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಬಾಕ್ಸ್‌ನ ಓಮ್ ಸರಿಹೊಂದಲೇಬೇಕು, ಬಾಕ್ಸ್ ಸಿಕ್ಕಿಸದೆ ಅವನ್ನು ನುಡಿಸಲೇಬಾರದು. ನಮ್ಮ ಊರಿನಲ್ಲಿ ಅಂಥವು ಅಪರೂಪವಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಆದ್ದರಿಂದ ಮೊದಲ ಬಾಕ್ಸ್ ಕೊಳ್ಳುವವರಿಗೆ ನಾನು ಹೇಳುವುದು ಒಂದೇ: 8 ಓಮ್‌ನದನ್ನೇ ಕೊಳ್ಳಿ. 4 ಓಮ್ ಬಾಕ್ಸ್ ಒಂದೇ ಇದ್ದಾಗ ಹೆಡ್‌ನ ಪೂರ್ಣ ವ್ಯಾಟ್ ಸಿಗುತ್ತದೆ ಎಂಬುದು ನಿಜ, ಆದರೆ ಅಲ್ಲಿಗೆ ದಾರಿ ಮುಗಿಯಿತು. ಎರಡನೆಯದನ್ನು ಸೇರಿಸಲು ಜಾಗವಿಲ್ಲ. 8 ಓಮ್‌ನ ಒಂದು ಬಾಕ್ಸ್ ಇದ್ದರೆ ಆ 500 ವ್ಯಾಟ್‌ನ ಹೆಡ್ 250ರಿಂದ 300 ವ್ಯಾಟ್ ಮಾತ್ರ ಕೊಟ್ಟೀತು. ಅರ್ಧ ಶಕ್ತಿ ವ್ಯರ್ಥವಾಯಿತೆಂದು ಹುಡುಗರು ಮರುಗುತ್ತಾರೆ. ಮರುಗಬೇಕಾದ್ದಿಲ್ಲ. ವ್ಯಾಟ್ ಇಮ್ಮಡಿಯಾದರೆ ಸದ್ದು 3 ಡೆಸಿಬೆಲ್ ಏರುತ್ತದೆ, ಅಷ್ಟೇ. ಕಿವಿಗೆ ಅದು ‘ತುಸು ಜೋರಾಯಿತು’ ಎನಿಸುವಷ್ಟು. ಸದ್ದು ನಿಜವಾಗಿ ಎರಡು ಪಟ್ಟಾಯಿತು ಎನ್ನಿಸಬೇಕಾದರೆ 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ವ್ಯಾಟ್ ಬೇಕು. 300 ವ್ಯಾಟ್ ಸಾಲದೆಂದು 500ಕ್ಕೆ ಸಾಲ ಮಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸದ್ದನ್ನು ನಿಜವಾಗಿ ನಿರ್ಧರಿಸುವ ಅಂಕಿ ಬಾಕ್ಸ್‌ನ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದನ್ನು ಅದು ತಿಳಿಸುತ್ತದೆ. 94 ಡೆಸಿಬೆಲ್‌ನ ಪುಟ್ಟ ಬಾಕ್ಸ್‌ಗೂ 100 ಡೆಸಿಬೆಲ್‌ನ ದೊಡ್ಡ ಬಾಕ್ಸ್‌ಗೂ ಇರುವ ಅಂತರ 6 ಡೆಸಿಬೆಲ್. ಅದು ನಾಲ್ಕು ಪಟ್ಟು ವ್ಯಾಟ್‌ಗೆ ಸಮ. ಮೊದಲನೆಯದರಲ್ಲಿ 500 ವ್ಯಾಟ್ ಸುರಿದು ಪಡೆಯುವ ಸದ್ದನ್ನು ಎರಡನೆಯದು 125 ವ್ಯಾಟ್‌ನಲ್ಲಿಯೇ ಕೊಡುತ್ತದೆ. ಆದರೆ ಅಂಗಡಿಯಲ್ಲಿ ಈ ಅಂಕಿಯನ್ನು ಕೇಳುವವರನ್ನು ನಾನು ಕಂಡಿಲ್ಲ. ಕೇಳಿದಾಗ ಥಟ್ಟನೆ ಹೇಳಿದ ಅಂಗಡಿಯವರನ್ನೂ ಕಂಡಿಲ್ಲ. ಬಾಕ್ಸ್ ಚಿಕ್ಕದಾಗಿರಬೇಕು, ಮಂದ್ರ ಸ್ವರ ಆಳವಾಗಿರಬೇಕು, ಕಡಿಮೆ ವ್ಯಾಟ್‌ಗೆ ಹೆಚ್ಚು ಸದ್ದು ಬರಬೇಕು, ಈ ಮೂರರಲ್ಲಿ ಎರಡು ಸಿಕ್ಕರೆ ಮೂರನೆಯದನ್ನು ಬಿಡಬೇಕು. ಇದು ಕಂಪನಿಯ ಕೈಯಲ್ಲಿರುವ ಮಾತಲ್ಲ, ಭೌತಶಾಸ್ತ್ರದ ನಿಯಮ. ಸ್ಕೂಟರ್ ಮೇಲೆ ಒಯ್ಯುವಷ್ಟು ಪುಟ್ಟದಿದ್ದೂ ಮೈದಾನ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೇಸ್ ಗಿಟಾರ್‌ಗೆ ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದು ಕೇಳುವವರಿಗೆ ಎರಡು ಮಾತು. ನಾಲ್ಕು ತಂತಿಯ ಬೇಸ್‌ನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಐದು ತಂತಿಯದಾದರೆ ಕೊನೆಯದು ಸುಮಾರು 31 ಸಲ. ಸಾಮಾನ್ಯ ಗಿಟಾರ್‌ನ ದಪ್ಪ ತಂತಿ 82ರಲ್ಲಿದೆ. ಒಂದು ಸ್ಥಾಯಿ ಕೆಳಗಿಳಿದು ಅದೇ ಸದ್ದು ಬರಬೇಕಾದರೆ ಸ್ಪೀಕರಿನ ಕೋನ್ (ಗಾಳಿ ತಳ್ಳುವ ಶಂಕುವಿನಾಕಾರದ ಹಾಳೆ) ನಾಲ್ಕು ಪಟ್ಟು ಹೆಚ್ಚು ದೂರ ಮುಂದಕ್ಕೂ ಹಿಂದಕ್ಕೂ ಚಲಿಸಬೇಕಾಗುತ್ತದೆ. ಲೀಡ್ ಗಿಟಾರಿನ ಬಾಕ್ಸ್‌ಗೆ ಬೇಸ್ ಸಿಕ್ಕಿಸಿದರೆ ಕೋನ್ ಹರಿಯುವುದು ಇದರಿಂದಲೇ. ಬಾಕ್ಸ್ ಮೇಲೆ ಬರೆದಿರುವ ವ್ಯಾಟ್ ಅದರ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿಸುರುಳಿ) ಎಷ್ಟು ಬಿಸಿ ತಾಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಕೋನ್ ಎಷ್ಟು ದೂರ ಚಲಿಸಬಲ್ಲದು ಎಂಬುದು ಬೇರೆಯೇ ಮಿತಿ. ಕೆಳಗಿನ ಸ್ವರಗಳಲ್ಲಿ ಆ ಮಿತಿ, ಬರೆದ ವ್ಯಾಟ್‌ಗಿಂತ ಬಹಳ ಮೊದಲೇ ಬಂದುಬಿಡುತ್ತದೆ. ಹೆಡ್‌ನ ‘ಬೇಸ್’ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ 12 ಡೆಸಿಬೆಲ್ ಏರಿಸುವವರು, ಆ ಸ್ವರಗಳಿಗೆ ಹದಿನಾರು ಪಟ್ಟು ಶಕ್ತಿ ಕೇಳುತ್ತಿದ್ದೇವೆಂದು ತಿಳಿದಿರಬೇಕು. 500 ವ್ಯಾಟ್‌ನ ಹೆಡ್‌ಗೆ 500 ವ್ಯಾಟ್‌ನ ಬಾಕ್ಸ್ ಕೊಂಡೂ ಸ್ಪೀಕರ್ ಹರಿದುಹೋಯಿತೆಂದು ಅಳುವ ಮಕ್ಕಳ ಮನೆಗೆ ಹೋಗಿ ನೋಡಿದಾಗಲೆಲ್ಲ ಆ ಗುಂಡಿ ಗಡಿಯಾರದ ಮುಳ್ಳಿನ ಮೂರು ಗಂಟೆಯ ಸ್ಥಾನದಾಚೆಗೆ ತಿರುಗಿಯೇ ಇರುತ್ತದೆ.

ಮನೆಯಲ್ಲಿ ನುಡಿಸಿದಾಗ ಗೋಡೆ ನಡುಗಿಸಿದ ಸೆಟ್ಟು ಹೈಸ್ಕೂಲ್ ಮೈದಾನದಲ್ಲಿ ತೆಳುವಾಗಿ ಕೇಳಿಸುವುದೂ ಈ ಗುಂಡಿಗೆ ಕೈ ಹಾಕಲು ಕಾರಣ. 41 ಹರ್ಟ್ಸ್‌ನ ಅಲೆ ಎಂಟು ಮೀಟರ್‌ಗಿಂತ ಉದ್ದವಾದದ್ದು. ಕೋಣೆಯಲ್ಲಿ ನೆಲ, ಗೋಡೆ, ಮೂಲೆ ಎಲ್ಲವೂ ಅದಕ್ಕೆ ಒತ್ತಾಸೆ ಕೊಡುತ್ತವೆ. ಬಯಲಿನಲ್ಲಿ ನೆಲದ ಹೊರತು ಬೇರೆ ಆಸರೆಯಿಲ್ಲ. ಅಲ್ಲಿ ಬೇಕಾದದ್ದು ಗುಂಡಿ ತಿರುಗಿಸುವುದಲ್ಲ, ಇನ್ನಷ್ಟು ಕೋನ್‌ಗಳು. ಒಂದು ಬಾಕ್ಸ್‌ನ ಜೊತೆಗೆ ಅದೇ ಮಾದರಿಯ ಇನ್ನೊಂದನ್ನು ಇಟ್ಟರೆ ಹೆಡ್ ಹೆಚ್ಚು ವ್ಯಾಟ್ ಕೊಡುವುದರಿಂದ ಸುಮಾರು 3 ಡೆಸಿಬೆಲ್, ಕೋನ್‌ಗಳು ಒಟ್ಟಾಗಿ ಗಾಳಿ ತಳ್ಳುವುದರಿಂದ ಇನ್ನೊಂದು 3 ಡೆಸಿಬೆಲ್ ಸೇರುತ್ತದೆ. ಹೆಡ್ ಬದಲಿಸಿ ಈ ಲಾಭ ಪಡೆಯಲು ನಾಲ್ಕು ಪಟ್ಟು ವ್ಯಾಟ್‌ನದನ್ನು ಕೊಳ್ಳಬೇಕಾಗುತ್ತಿತ್ತು. ಎರಡನ್ನು ಅಕ್ಕಪಕ್ಕ ಇಡುವುದಕ್ಕಿಂತ ಒಂದರ ಮೇಲೊಂದು ಇಟ್ಟರೆ ಮೇಲಿನದು ವಾದಕನ ಕಿವಿಯ ಮಟ್ಟಕ್ಕೂ ಬರುತ್ತದೆ, ಸದ್ದು ವೇದಿಕೆಯ ಎರಡೂ ಬದಿಗೆ ಸಮನಾಗಿ ಹರಡುತ್ತದೆ.

‘ಅದೇ ಮಾದರಿಯ’ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹತ್ತು ಅಂಗುಲದ ನಾಲ್ಕು ಸ್ಪೀಕರ್‌ಗಳ ಬಾಕ್ಸ್‌ನ ಕೆಳಗೆ ಹದಿನೈದು ಅಂಗುಲದ ಒಂದನ್ನು ಇಟ್ಟರೆ ಮೇಲಿನದು ಚುರುಕು, ಕೆಳಗಿನದು ಆಳ ಎಂಬ ನಂಬಿಕೆ ನಮ್ಮ ಆರ್ಕೆಸ್ಟ್ರಾಗಳಲ್ಲಿ ಹಳೆಯದು. ನಾನೂ ಬಹಳ ವರ್ಷ ಹಾಗೆಯೇ ನುಡಿಸಿದೆ. ಎರಡೂ 8 ಓಮ್ ಆದರೆ ಹೆಡ್‌ನ ಶಕ್ತಿ ಅರ್ಧರ್ಧ ಹಂಚಿಕೆಯಾಗುತ್ತದೆ: ಮೇಲಿನ ನಾಲ್ಕು ಸ್ಪೀಕರ್‌ಗಳು ಆ ಅರ್ಧವನ್ನು ಹಂಚಿಕೊಂಡರೆ ಕೆಳಗಿನ ಒಂಟಿ ಸ್ಪೀಕರ್ ತನ್ನ ಪಾಲಿನ ಇಡೀ ಅರ್ಧವನ್ನು ತಾನೊಂದೇ ಹೊರಬೇಕು. ಮೊದಲು ಸೋಲುವುದು ಅದೇ. ಆಳ ಎಂಬುದು ಸ್ಪೀಕರಿನ ಅಂಗುಲದಿಂದ ಬರುವುದೂ ಅಲ್ಲ. ಬಾಕ್ಸ್‌ನ ಒಳಗಾತ್ರ, ಅದರ ಪೋರ್ಟ್ (ಗಾಳಿ ಹೊರಬರುವ ಕಂಡಿ), ಕೋನ್‌ನ ಚಲನೆಯ ದೂರ ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಎರಡು ಭಿನ್ನ ಬಾಕ್ಸ್‌ಗಳು ಕೆಲವು ಸ್ವರಗಳಲ್ಲಿ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು, ಇದ್ದ ಸದ್ದನ್ನೂ ಕಳೆಯುವುದುಂಟು.

ಒಂದೇ ಮಾದರಿಯ ಜೋಡಿಗೆ ಹಳೆಯ ಉದಾಹರಣೆಯೊಂದಿದೆ. ಅಮೆರಿಕದ ಆಂಪೆಗ್ ಕಂಪನಿ 1969ರಲ್ಲಿ ಹೊರತಂದ ಎಸ್‌ವಿಟಿ ಹೆಡ್ 300 ವ್ಯಾಟ್‌ನದು, ವಾಲ್ವ್‌ಗಳದು, ಸುಮಾರು 40 ಕಿಲೋ ತೂಕದ್ದು. ಅದರ ಶಕ್ತಿಯನ್ನು ತಾಳಲೆಂದು ಹತ್ತು ಅಂಗುಲದ ಎಂಟೆಂಟು ಸ್ಪೀಕರ್‌ಗಳ ಎರಡು ಒಂದೇ ಬಗೆಯ ಬಾಕ್ಸ್‌ಗಳನ್ನು ಜೊತೆಮಾಡಿದ್ದರು. ಬೇಸ್ ಸದ್ದಿನ ಮಾದರಿಯೆಂದು ಜಗತ್ತು ಇಂದಿಗೂ ಹೇಳುವುದು ಆ ಜೋಡಿಯನ್ನೇ. ಎಂಟು ಸ್ಪೀಕರಿನ ಆ ಬಗೆಯ ಮುಚ್ಚಿದ ಬಾಕ್ಸ್ ಕೂಡ 60 ಹರ್ಟ್ಸ್‌ನ ಆಸುಪಾಸಿನಿಂದಲೇ ಇಳಿಯತೊಡಗುತ್ತದೆ. ಅದಕ್ಕಿಂತ ಕೆಳಗಿನ ಮೂಲ ಸ್ವರವನ್ನು ನಮ್ಮ ಕಿವಿ ಅದರ ಜೊತೆಗೇ ಹೊಮ್ಮುವ ಮೇಲಿನ ಅನುಸ್ವರಗಳಿಂದ ತಾನೇ ಕಟ್ಟಿಕೊಳ್ಳುತ್ತದೆ. ಇಂದು ಎರಡು ಮೂರು ಕಿಲೋ ತೂಕದ ಕ್ಲಾಸ್-ಡಿ (ಕಡಿಮೆ ಬಿಸಿಯಾಗುವ ಹೊಸ ಬಗೆಯ) ಹೆಡ್ 500 ವ್ಯಾಟ್ ಕೊಡುತ್ತದೆ, ನಿಯೋಡಿಮಿಯಂ ಅಯಸ್ಕಾಂತದ ಸ್ಪೀಕರ್‌ಗಳಿಂದ ಬಾಕ್ಸ್ ಕೂಡ ಹಗುರವಾಗಿದೆ. ಬಸ್ಸಿನ ಟಾಪ್ ಮೇಲೆ ಬಾಕ್ಸ್ ಏರಿಸಿ ಬೆನ್ನು ನೋಯಿಸಿಕೊಂಡ ನನ್ನ ತಲೆಮಾರಿನವರಿಗೆ ಇದು ಸಂತೋಷದ ಸಂಗತಿ. ಆದರೆ ಹೆಡ್ ಹಗುರವಾದಷ್ಟೂ ವ್ಯಾಟ್‌ನ ಅಂಕಿ ಅಗ್ಗವಾಯಿತು, ಅಂಕಿ ಅಗ್ಗವಾದಷ್ಟೂ ಬಾಕ್ಸ್ ಕಡೆಗಿನ ಗಮನ ಹೋಯಿತು.

ಹಳೆಯ ಬಾಕ್ಸ್ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ವರ್ಷಗಳ ಹಿಂದೆ ನನ್ನದೊಂದು 8 ಓಮ್ ಬಾಕ್ಸ್‌ನಲ್ಲಿ ಎರಡು ಸ್ಪೀಕರ್‌ಗಳ ಪೈಕಿ ಒಂದು ಸುಟ್ಟಿತು. ಅವು ತಲಾ 16 ಓಮ್‌ನವು. ಸಮಾಂತರವಾಗಿ ಸೇರಿ 8 ಆಗುತ್ತಿದ್ದವು. ರಿಪೇರಿ ಮಾಡಿದವರು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 8 ಓಮ್‌ನ ಸ್ಪೀಕರ್ ಹಾಕಿಕೊಟ್ಟರು. ಬಾಕ್ಸ್ 5.3 ಓಮ್ ಆಯಿತು, ಹೊಸ ಸ್ಪೀಕರ್ ಹಳೆಯದರ ಎರಡು ಪಟ್ಟು ಶಕ್ತಿ ಎಳೆಯತೊಡಗಿತು, ಇನ್ನೊಂದು ಬಾಕ್ಸ್ ಸೇರಿಸಿದಾಗ ಒಟ್ಟು 3.2 ಓಮ್‌ಗೆ ಇಳಿದು ಹೆಡ್ ಮತ್ತೆ ಮತ್ತೆ ನಿಂತಿತು. ಹೊರಗಿನ ಚೀಟಿಯಲ್ಲಿ ಮಾತ್ರ 8 ಓಮ್ ಎಂದೇ ಇತ್ತು. ಆರು ತಿಂಗಳು ಹೆಡ್ಡನ್ನು ಬೈದುಕೊಂಡು ತಿರುಗಿದ ಮೇಲೆ ಒಂದು ಮಲ್ಟಿಮೀಟರ್ ಸತ್ಯ ಹೇಳಿತು. ಬಾಕ್ಸ್‌ನ ಕೇಬಲ್ ತುದಿಗಳಿಗೆ ಮೀಟರ್ ಹಿಡಿದರೆ 8 ಓಮ್ ಬಾಕ್ಸ್ ಐದೂವರೆಯಿಂದ ಏಳರವರೆಗೆ, 4 ಓಮ್‌ನದು ಮೂರು, ಮೂರೂವರೆಯ ಆಸುಪಾಸಿನಲ್ಲಿ ತೋರಿಸುತ್ತದೆ, ಏಕೆಂದರೆ ಮೀಟರ್ ಅಳೆಯುವುದು ತಂತಿಯ ತಡೆಯನ್ನಷ್ಟೇ. ಈ ಮೀಟರ್ ಇಲ್ಲದೆ ಸೆಕೆಂಡ್ ಹ್ಯಾಂಡ್ ಬಾಕ್ಸ್ ನೋಡಲು ಹೋಗಬೇಡಿ. ಹೆಡ್‌ನಿಂದ ಬಾಕ್ಸ್‌ಗೆ ಗಿಟಾರ್ ಕೇಬಲ್ ಹಾಕುವುದನ್ನೂ ಬಿಡಬೇಕು. ಜಾಕ್ ಒಂದೇ ರೀತಿ ಕಂಡರೂ ಅದರೊಳಗಿನ ಎಳೆ ಹತ್ತು ಆಂಪಿಯರ್‌ಗೆ ಮಾಡಿದ್ದಲ್ಲ. ಸ್ಪೀಕಾನ್ (ಸ್ಪೀಕರ್ ಕೇಬಲ್ಲಿಗೆಂದೇ ಇರುವ, ತಿರುಗಿಸಿ ಬಿಗಿಯುವ) ಕಿಂಡಿಯಿದ್ದರೆ ಅದನ್ನೇ ಬಳಸಿ. ಪೆಂಡಾಲಿನ ತಾತ್ಕಾಲಿಕ ಲೈನಿನಲ್ಲಿ ಹಮ್ ಬರುತ್ತದೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯುವುದಂತೂ ಪ್ರಾಣಕ್ಕೇ ಕುತ್ತು: ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುತ್ತದೆ.

ಹಾಗಾದರೆ ನಮ್ಮ ಊರಿನ ತಂಡವೊಂದಕ್ಕೆ ಎಷ್ಟು ಬೇಕು? ದೊಡ್ಡ ಕಾರ್ಯಕ್ರಮಗಳಿಗೆ ಸೌಂಡ್‌ನವರು ತಮ್ಮ ಮಂದ್ರ ಸ್ವರದ ದೊಡ್ಡ ಸ್ಪೀಕರುಗಳಾದ ಸಬ್‌ಗಳನ್ನು ತಂದೇ ತರುತ್ತಾರೆ. ಹೆಡ್‌ನ ಸಿಗ್ನಲ್ಲನ್ನು ನೇರವಾಗಿ ಹೊರಗೆ ಕಳಿಸುವ ಕಿಂಡಿಯಾದ ಡಿಐ ಔಟ್‌ನಿಂದ ಮಿಕ್ಸರ್‌ಗೆ ಒಂದು ಕೇಬಲ್ ಹೋದರೆ ಜನರಿಗೆ ಕೇಳಿಸುವ ಕೆಲಸ ಅವರದು. ವೇದಿಕೆಯ ಮೇಲಿನ ಬಾಕ್ಸ್ ವಾದಕನಿಗೂ ಡ್ರಮ್ಮರ್‌ಗೂ ಗಾಯಕರಿಗೂ ಸ್ವರ ಸ್ಪಷ್ಟವಾಗಿ ಕೇಳಿಸಲೆಂದು ಇರುವುದು. ಆದ್ದರಿಂದ 4 ಓಮ್‌ವರೆಗೆ ತಾಳುವ 300ರಿಂದ 500 ವ್ಯಾಟ್‌ನ ಒಂದು ಹೆಡ್, ಸೆನ್ಸಿಟಿವಿಟಿ ಚೆನ್ನಾಗಿರುವ 8 ಓಮ್‌ನ ಒಂದು ಬಾಕ್ಸ್ ಸಾಕು. ಹನ್ನೆರಡು ಅಂಗುಲದ ಎರಡು ಅಥವಾ ಹತ್ತು ಅಂಗುಲದ ನಾಲ್ಕು ಸ್ಪೀಕರ್‌ಗಳದಾದರೆ ಒಳ್ಳೆಯದು. ಹಣ ಕೂಡಿದಾಗ ಅದರ ತದ್ರೂಪ ಇನ್ನೊಂದು. ಬಜೆಟ್ಟಿನ ದೊಡ್ಡ ಪಾಲು ಬಾಕ್ಸ್‌ಗೆ ಹೋಗಲಿ, ಉಳಿದದ್ದರಲ್ಲಿ ಹೆಡ್ ಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ 10ರ ನಂತರ ಧ್ವನಿವರ್ಧಕ ನಿಲ್ಲಿಸಬೇಕೆಂಬ 2000ದ ಶಬ್ದಮಾಲಿನ್ಯ ನಿಯಮಗಳನ್ನು ಪಾಲಿಸುತ್ತಲೇ, ಕಡಿಮೆ ಸದ್ದಿನಲ್ಲೂ ಸ್ವರ ಸ್ವಚ್ಛವಾಗಿ ಕೇಳಿಸುವುದು ಹೀಗೆ ಹೊಂದಿಸಿಕೊಂಡ ಜೋಡಿಯಿಂದಲೇ.

ನನ್ನ ವಿದ್ಯಾರ್ಥಿಯ ಬಾಕ್ಸ್‌ಗಳನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಭಾನುವಾರ ಇಬ್ಬರೂ ಕೂತು ಅವುಗಳ ಸ್ಪೀಕರ್‌ಗಳನ್ನು ಬಿಚ್ಚಿದೆವು. ತಲಾ 8 ಓಮ್‌ನ ಎರಡೆರಡು ಸ್ಪೀಕರ್‌ಗಳು ಸಮಾಂತರವಾಗಿದ್ದವು, ಮೇಲಿನ ಸ್ವರಗಳ ಪುಟ್ಟ ಸ್ಪೀಕರ್ ಆದ ಟ್ವೀಟರ್ ಇರಲಿಲ್ಲ. ಅವನ್ನು ಸರಣಿಯಲ್ಲಿ, ಎಂದರೆ ತಡೆ ಕೂಡುವಂತೆ ಒಂದರ ಹಿಂದೊಂದಾಗಿ, ಜೋಡಿಸಿ ಒಂದೊಂದು ಬಾಕ್ಸನ್ನೂ 16 ಓಮ್ ಮಾಡಿದೆವು, ಎರಡೂ ಸೇರಿ ಈಗ 8 ಓಮ್. ಹೆಡ್ 250 ವ್ಯಾಟ್‌ನ ಆಸುಪಾಸಿನಲ್ಲಿ ಮಾತ್ರ ದುಡಿಯುತ್ತದೆ, ಆದರೆ ನಾಲ್ಕೂ ಕೋನ್‌ಗಳು ಒಟ್ಟಾಗಿ ಚಲಿಸುವುದರಿಂದ ಒಂದೇ ಬಾಕ್ಸ್‌ನಲ್ಲಿ 500 ವ್ಯಾಟ್ ಸುರಿದಷ್ಟೇ ಸದ್ದು ಬರುತ್ತದೆ. ಒಂದೊಂದು ಸ್ಪೀಕರಿನ ಮೇಲೆ 250ರ ಬದಲು 60 ವ್ಯಾಟ್‌ನಷ್ಟು ಹೊರೆ. ಆನಂತರದ ಯಾವ ಕಾರ್ಯಕ್ರಮದಲ್ಲೂ ಹೆಡ್ ನಿಂತಿಲ್ಲ. ಬಿಚ್ಚುವ ಧೈರ್ಯವೂ ತಿಳಿವಳಿಕೆಯೂ ಎಲ್ಲ ಮಕ್ಕಳಿಗೆ ಇರಬೇಕೆಂದು ನಾವು ಅಪೇಕ್ಷಿಸಲಾಗದು.

ಆದ್ದರಿಂದ ಸಂಗೀತ ಉಪಕರಣಗಳನ್ನು ಮಾರುವ ದಾವಣಗೆರೆ ಮತ್ತು ಚಿತ್ರದುರ್ಗದ ಅಂಗಡಿಯವರಲ್ಲಿ ನನ್ನ ವಿನಂತಿ: ಬೆಲೆಚೀಟಿಯಲ್ಲಿ ವ್ಯಾಟ್ ಬರೆಯುವಷ್ಟೇ ದಪ್ಪ ಅಕ್ಷರದಲ್ಲಿ ಬಾಕ್ಸ್‌ನ ಓಮ್, ಸೆನ್ಸಿಟಿವಿಟಿ ಮತ್ತು ಹೆಡ್ ತಾಳುವ ಕನಿಷ್ಠ ಓಮ್ ಬರೆಯಿರಿ. ಸಾಂಸ್ಕೃತಿಕ ವಿಭಾಗಕ್ಕೆ ಉಪಕರಣ ಕೊಳ್ಳುವ ಕಾಲೇಜುಗಳು ಕೊಟೇಶನ್ ಕೇಳುವಾಗ ಈ ಮೂರು ಅಂಕಿಗಳನ್ನು ಕಡ್ಡಾಯ ಮಾಡಲಿ, ಮತ್ತು ಬೇಸ್ ನುಡಿಸುವ ಒಬ್ಬ ವಿದ್ಯಾರ್ಥಿಯನ್ನು ಖರೀದಿಯ ದಿನ ಅಂಗಡಿಗೆ ಕರೆದೊಯ್ಯಲಿ.

ತಮ್ಮ ವಿಶ್ವಾಸಿ,
ಒಬ್ಬ ಬೇಸ್ ಗಿಟಾರ್ ವಾದಕ
ವಿದ್ಯಾನಗರ, ದಾವಣಗೆರೆ